ಓದಿ ಹೇಳುವವರು ಬೇಕು

ತಿಪಟೂರು ಸೀಮೆಯಲ್ಲಿ ಹತ್ತು ವರ್ಷದ ಹುಡುಗರಿಗೂ ಕೊಬ್ಬರಿಯ ವ್ಯವಹಾರ ಗೊತ್ತಿರುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಉಂಡೆ ಬಿಟ್ಟುಕೊಂಡಿದೆಯೋ ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿದೆಯೋ ಎಂದು ಹೇಳುತ್ತಾರೆ. ನಾನು ಹೇಳಹೊರಟಿರುವ ಹುಡುಗ ನಾಲ್ಕನೇ ತರಗತಿಯಲ್ಲಿದ್ದಾಗ ಇದರಲ್ಲಿ ಅವನ ಅಪ್ಪನಿಗಿಂತ ಚುರುಕಾಗಿದ್ದ. ಕ್ವಿಂಟಾಲಿಗೆ ಇಷ್ಟು ಧಾರಣೆ ಅಂದರೆ ಮೂವತ್ತೈದು ಕೆ.ಜಿ.ಗೆ ಎಷ್ಟಾಗುತ್ತದೆ ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ. ಅದೇ ಹುಡುಗನ ಮುಂದೆ ಕನ್ನಡ ಪಠ್ಯಪುಸ್ತಕ ತೆರೆದಿಟ್ಟರೆ ಬೆರಳು ಒಂದೊಂದೇ ಅಕ್ಷರದ ಮೇಲೆ ನಿಂತು ನಿಂತು ಹೋಗುತ್ತಿತ್ತು. ‘ಮರದ’ ಎಂದು ಮುಗಿಸುವ ಹೊತ್ತಿಗೆ ಹಿಂದಿನ ಪದ ಮರೆತಿರುತ್ತಿತ್ತು. ಮೂರು ಸಾಲು ದಾಟುವಷ್ಟರಲ್ಲಿ ಹಣೆಯಲ್ಲಿ ಬೆವರು.

‘ಬೇರೆಲ್ಲಾ ಗೊತ್ತಾಗತ್ತೆ ಟೀಚರ್, ಪುಸ್ತಕ ಒಂದು ಬಿಟ್ಟು’ ಎಂದಿದ್ದಳು ಅವನ ತಾಯಿ. ಮನೆಯವರು ಅವನಿಗೆ ಸೋಮಾರಿತನ ಎಂದರು, ಪಕ್ಕದವರು ಮೊಬೈಲಿನ ದೋಷ ಎಂದರು, ಯಾರೋ ಬ್ರಾಹ್ಮಿ ಟಾನಿಕ್ ಕೊಡಿಸಿ ಎಂದರು. ತಾಯಿ ಹೇಳಿದ ಆ ಒಂದು ಮಾತೇ ಎಲ್ಲರ ಮಾತಿಗಿಂತ ಸರಿಯಾಗಿತ್ತು. ಬುದ್ಧಿ, ಕಣ್ಣು, ಕಿವಿ ಎಲ್ಲ ಚೆನ್ನಾಗಿದ್ದು, ಶಾಲೆಗೆ ತಪ್ಪದೆ ಬಂದು, ಉಳಿದವರಷ್ಟೇ ಪಾಠ ಕೇಳಿಯೂ ಓದು ಮಾತ್ರ ಕೈಗೆ ಹತ್ತದಿರುವ ಸ್ಥಿತಿಗೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಸರ್ಕಾರದ ಕಾಗದಗಳಲ್ಲಿ ಅದು ನಿರ್ದಿಷ್ಟ ಕಲಿಕಾ ನ್ಯೂನತೆಗಳ ಒಂದು ಬಗೆ. ಇದು ಕಾಯಿಲೆಯಲ್ಲ. ಮಗು ಹುಟ್ಟುವಾಗಲೇ ಮಿದುಳು ಮಾತಿನ ಧ್ವನಿಗಳನ್ನು ಬಿಡಿಸಿ ಹಿಡಿದಿಡುವ ಕ್ರಮ ಸ್ವಲ್ಪ ಬೇರೆಯಾಗಿರುತ್ತದೆ, ಅಷ್ಟೇ. ಹಾಗಾಗಿ ಟಾನಿಕ್ಕಿಗಾಗಲಿ, ಬಣ್ಣದ ಕನ್ನಡಕಕ್ಕಾಗಲಿ, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆಂದು ಸಾವಿರಾರು ರೂಪಾಯಿ ವಸೂಲಿ ಮಾಡುವ ಶಿಬಿರಗಳಿಗಾಗಲಿ ಇದು ಬಗ್ಗುವುದಿಲ್ಲ. ಸಾಲ ಮಾಡಿ ಅಂಥ ಶಿಬಿರಗಳಿಗೆ ಮಕ್ಕಳನ್ನು ಕಳಿಸಿದ ಮನೆಗಳನ್ನು ಕಂಡಿದ್ದೇನೆ. ಆ ದುಡ್ಡು ಹೋದದ್ದಕ್ಕಿಂತ ಮಗುವಿನ ಒಂದು ವರ್ಷ ಹೋಯಿತಲ್ಲ ಎಂಬ ಸಂಕಟ ನನಗೆ ಹೆಚ್ಚು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಈಗ ಶನಿವಾರ ಬೆಳಗಿನ ಶಾಲೆ ಬಿಟ್ಟು ಮಕ್ಕಳು ಊಟ ಮಾಡಿ ಬಂದ ಮೇಲೆ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇಂಥ ಕೆಲವು ಮಕ್ಕಳ ಜೊತೆ ಕೂರುತ್ತೇನೆ. ನಾನೊಬ್ಬಳೇ ಅಲ್ಲ, ಊರಿನ ಇನ್ನೂ ಹಲವರು ಕೂರುತ್ತಾರೆ. ಆ ಹಲವರ ಬಗ್ಗೆಯೇ ಈ ಬರಹ. ಓದು ಬಾರದ ಮಗುವಿಗೆ ಓದು ಕಲಿಸುವುದು ಎಷ್ಟು ಮುಖ್ಯವೋ, ಅದು ಬರುವ ತನಕ ಆ ಮಗುವಿನ ತಿಳಿವಳಿಕೆ ಬಡವಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಎರಡನ್ನೂ ಒಬ್ಬ ತಾಯಿಯ ಅಥವಾ ಒಬ್ಬ ಮೇಷ್ಟ್ರ ತಲೆಗೆ ಕಟ್ಟಿದರೆ ಯಾವುದೂ ಆಗುವುದಿಲ್ಲ.

2007ರಲ್ಲಿ ‘ತಾರೇ ಜಮೀನ್ ಪರ್’ ಚಿತ್ರ ಬಂದಾಗ ಡಿಸ್ಲೆಕ್ಸಿಯಾ ಎಂಬ ಹೆಸರು ಹಳ್ಳಿಯ ಟಿ.ವಿ.ಗಳವರೆಗೂ ಬಂತು. ಆ ಚಿತ್ರದ ಉಪಕಾರವನ್ನು ನಾನು ಎಂದೂ ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅಲ್ಲಿ ಒಬ್ಬ ಮೇಷ್ಟ್ರು ಬಂದು ಮಗುವನ್ನು ಕೈಹಿಡಿದು ಎತ್ತುತ್ತಾನೆ. ನಮ್ಮ ಕಡೆಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳುತ್ತಾರೆ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿ ಎಲ್ಲವೂ ಅವರದೇ. ಅವರ ಮನಸ್ಸು ಎಷ್ಟೇ ದೊಡ್ಡದಿದ್ದರೂ ದಿನಕ್ಕೆ ಒಂದು ಮಗುವಿಗೆ ಬೇರೆಯಾಗಿ ಇಪ್ಪತ್ತು ನಿಮಿಷ ಕೊಡುವುದು ಎಷ್ಟು ಕಷ್ಟ ಎಂದು ಆ ಕುರ್ಚಿಯಲ್ಲಿ ಕೂತವಳಾಗಿ ನನಗೆ ಗೊತ್ತು.

ಇಂಥ ಮಕ್ಕಳು ಎಲ್ಲೋ ಒಬ್ಬರಿರುತ್ತಾರೆ ಎಂದು ಭಾವಿಸಬಾರದು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮದೇ ಬೆಳಗಾವಿ ನಗರದ ಪ್ರಾಥಮಿಕ ಶಾಲೆಗಳಲ್ಲಿ ನಡೆದದ್ದು. 8ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದಲ್ಲ ಒಂದು ಬಗೆಯ ಕಲಿಕಾ ನ್ಯೂನತೆ ಕಂಡಿತು. ಓದಿನ ತೊಂದರೆಯೇ ನೂರಕ್ಕೆ ಸುಮಾರು 11. ಬೇರೆ ಬೇರೆ ಅಧ್ಯಯನಗಳ ಅಂಕಿಗಳು ಇದಕ್ಕಿಂತ ಹೆಚ್ಚುಕಡಿಮೆ ಬರುತ್ತವೆ. ಅಳೆಯುವ ರೀತಿಯಲ್ಲೇ ವ್ಯತ್ಯಾಸವಿದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಮೂವರು ಇದ್ದೇ ಇರುತ್ತಾರೆ ಎಂದು ಇಟ್ಟುಕೊಂಡರೆ ಶಿಕ್ಷಕರ ಅನುಭವಕ್ಕೂ ತಾಳೆಯಾಗುತ್ತದೆ.

ಕನ್ನಡದ ಮಗುವಿಗೆ ಈ ತೊಂದರೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಿನಿಮಾದಲ್ಲಿ, ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳುವ ಲಕ್ಷಣಗಳು ನಮ್ಮ ಮಕ್ಕಳಲ್ಲಿ ಹಾಗೇ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ಒಂದು, ಓದುವುದು ಇನ್ನೊಂದು. ಆದ್ದರಿಂದ ಅಲ್ಲಿಯ ಮಗು ತಪ್ಪು ತಪ್ಪಾಗಿ ಓದುತ್ತದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಹಾಗಾಗಿ ನಮ್ಮ ಮಗು ಬಹಳ ಸಲ ಸರಿಯಾಗಿಯೇ ಓದುತ್ತದೆ, ಆದರೆ ತೀರಾ ನಿಧಾನ. ಎರಡನೇ ತರಗತಿಯ ವೇಗದಲ್ಲಿ ಆರನೇ ತರಗತಿಯ ಪಾಠ ಓದುವ ಮಗುವನ್ನು ನೋಡಿ ‘ಓದ್ತಾನಲ್ಲ, ಅಭ್ಯಾಸ ಸಾಲದು ಅಷ್ಟೇ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. 2001ರಲ್ಲಿ ಇಟಲಿ, ಫ್ರಾನ್ಸ್, ಬ್ರಿಟನ್ನಿನ ಡಿಸ್ಲೆಕ್ಸಿಯಾ ಇರುವ ಯುವಕರ ಮಿದುಳನ್ನು ಒಟ್ಟಿಗೆ ಪರೀಕ್ಷಿಸಿ ನೋಡಿದ್ದರು. ಇಟಲಿಯ ಭಾಷೆಯೂ ನಮ್ಮದರಂತೆ ಬರೆದಂತೆ ಓದುವ ಭಾಷೆ, ಅವರ ಓದಿನಲ್ಲಿ ತಪ್ಪು ಕಡಿಮೆ. ಆದರೆ ಮಿದುಳಿನಲ್ಲಿ ಕಂಡ ವ್ಯತ್ಯಾಸ ಮೂರೂ ದೇಶದವರಲ್ಲಿ ಒಂದೇ. ಮೂಲ ಒಂದಾದರೂ ಲಿಪಿಗೆ ತಕ್ಕಂತೆ ಮುಖ ಬೇರೆ.

ನಮ್ಮ ಲಿಪಿಗೆ ತನ್ನದೇ ಏರುದಾರಿಯಿದೆ. ವರ್ಣಮಾಲೆಯ 49 ಅಕ್ಷರ ಕಲಿತರೆ ಮುಗಿಯಲಿಲ್ಲ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಸೇರಿ ಒಂದೊಂದು ವ್ಯಂಜನವೂ ಹನ್ನೆರಡಕ್ಕಿಂತ ಹೆಚ್ಚು ರೂಪ ತಾಳುತ್ತದೆ. ‘ಮ’ಕಾರಕ್ಕೂ ಕೊಂಬು ಹತ್ತಿದ ‘ವು’ಗೂ ಇರುವ ಅಂತರ ಒಂದು ಸಣ್ಣ ಗೆರೆಯ ತಿರುವು. ದ, ಧ, ಥ ಒಂದು ಗುಂಪು, ಪ, ಷ, ವ ಇನ್ನೊಂದು. ಅದಾದ ಮೇಲೆ ಒತ್ತಕ್ಷರಗಳು. ಕ, ಗ, ಚ ಮುಂತಾದವುಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿನಲ್ಲಿ ಮೂಲದ ಗುರುತೇ ಸಿಗುವುದಿಲ್ಲ, ಹೊಸದಾಗಿಯೇ ಕಲಿಯಬೇಕು. ಎಲ್ಲಕ್ಕಿಂತ ಮಕ್ಕಳನ್ನು ದಣಿಸುವುದು ಅರ್ಕಾವೊತ್ತು. ‘ಸೂರ್ಯ’ ಎಂದು ಬಾಯಲ್ಲಿ ಹೇಳುವಾಗ ‘ರ್’ ಮೊದಲು, ‘ಯ’ ಆಮೇಲೆ. ಬರೆಯುವಾಗ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ‘ಚಕ್ರ’ದಲ್ಲಿ ಈ ಗೊಂದಲವಿಲ್ಲ. ಧ್ವನಿಗಳ ಸಾಲನ್ನು ಮನಸ್ಸಿನಲ್ಲಿ ಹಿಡಿದಿಡುವುದೇ ಕಷ್ಟವಾದ ಮಗುವಿಗೆ ಕಣ್ಣು ಒಂದು ಕ್ರಮ, ಕಿವಿ ಇನ್ನೊಂದು ಕ್ರಮ ಹೇಳಿದರೆ ಅದು ‘ಸೂಯರ’ ಎಂದೋ ‘ಸೂಯ್ರ’ ಎಂದೋ ಬರೆಯುತ್ತದೆ. ಅದಕ್ಕೆ ಕೆಂಪು ಮಸಿ ಬೀಳುತ್ತದೆ.

ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಹತ್ತಿರದಿಂದ ನೋಡಿ 2007ರಲ್ಲಿ ಒಂದು ಪ್ರಬಂಧ ಬರೆದರು. ಕನ್ನಡದ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂಬುದು ಅದರಲ್ಲಿ ಕಂಡುಬಂದ ಸಂಗತಿ. ಸಹಜವಾಗಿ ಕಲಿಯುವ ಮಗುವಿಗೇ ಇಷ್ಟು ಕಾಲ ಬೇಕು. ನಮ್ಮ ಪಾಠದ ವ್ಯವಸ್ಥೆ ಮಾತ್ರ ಆ ಹೊತ್ತಿಗೆ ಮುಂದೆ ಹೋಗಿಬಿಟ್ಟಿರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಎಂಬ ಕಲಿಕಾ ಪದ್ಧತಿ ಇಂಥ ಮಕ್ಕಳಿಗೆ ಒಳ್ಳೆಯ ನೆರಳು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅಲ್ಲಿ ಅ ಆ ಇ ಈ ಎಂದು ಸಾಲಾಗಿ ಬಾಯಿಪಾಠವಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರ ಕಲಿತ ಮಗು ಸರ, ರಸ, ಅರಸ, ಅಗಸ, ಗರಗಸ ಓದುತ್ತದೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ತಾನಿರಬಹುದು. ಆದರೆ ಮೂರನೇ ತರಗತಿ ದಾಟಿದ ಕೂಡಲೇ ಆ ಏಣಿ ತೆಗೆದುಬಿಡುತ್ತೇವೆ. ನಾಲ್ಕರಲ್ಲಿ ಪರಿಸರ ಅಧ್ಯಯನ, ಗಣಿತ ಎಲ್ಲವೂ ಓದಿ ತಿಳಿಯಬೇಕಾದ ಪುಟಗಳಾಗುತ್ತವೆ. ನನ್ನ ಬಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಬರುವುದು ನಾಲ್ಕು ಅಥವಾ ಐದನೇ ತರಗತಿಯಲ್ಲಿ ಎಂಬುದು ಇದರ ನೇರ ಫಲ.

ಓದು ಹಿಂದೆ ಬಿದ್ದರೂ ತಿಳಿವಳಿಕೆ ಹಿಂದೆ ಬೀಳಬೇಕಿಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅಲ್ಲಿಯ ವೈದ್ಯಕೀಯ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಲೆಕ್ಕದಲ್ಲಿ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲದ ಅವನಿಗೆ ಓದು ಮಾತ್ರ ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಈ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಬುದ್ಧಿವಂತ ಹುಡುಗನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಡಿಸ್ಲೆಕ್ಸಿಯಾ ಕುರಿತ ವೈದ್ಯಕೀಯ ಬರವಣಿಗೆಯ ಮೊದಲ ಪುಟಗಳಲ್ಲೇ ಪರಿಹಾರದ ಅರ್ಧಭಾಗ ಒಬ್ಬ ಶಾಲಾ ಮೇಷ್ಟ್ರ ಬಾಯಿಂದ ಬಂದಿದೆ. ನನಗೆ ಅದು ಬಹಳ ಪ್ರಿಯವಾದ ಸಂಗತಿ.

ನಮ್ಮ ನಾಡಿಗಂತೂ ಹೀಗೆ ಕೇಳಿ ಕಲಿಯುವುದು ಹೊಸದಲ್ಲ. ಅಕ್ಷರ ಬಾರದ ನಮ್ಮ ಅಜ್ಜಿಯರಿಗೆ ಗದುಗಿನ ಭಾರತದ ಕರ್ಣ, ಉತ್ತರಕುಮಾರ ಎಲ್ಲರೂ ಗೊತ್ತಿದ್ದರು. ಗಮಕಿಗಳು ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೇಳುತ್ತಿತ್ತು. ಕೇಳಿ ತಿಳಿದವರನ್ನು ದಡ್ಡರು ಎಂದು ಯಾರೂ ಕರೆದಿರಲಿಲ್ಲ. ಪರೀಕ್ಷೆಯ ಕಾಗದವೊಂದೇ ತಿಳಿವಳಿಕೆಯ ಸಾಕ್ಷಿ ಎಂದಾದ ಮೇಲೆ ಈ ಮಕ್ಕಳು ಹಿಂದೆ ಬಿದ್ದರು.

ನಮ್ಮ ಶನಿವಾರದ ಗುಂಪು ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ. ರಾಜ್ಯದ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ ಮಕ್ಕಳ ಹೆಸರು ಬರೆದುಕೊಂಡದ್ದಕ್ಕೇ ನಿಲ್ಲಲಿಲ್ಲ. ಯಾವ ಮಗು ಪುಸ್ತಕ ತೆಗೆದುಕೊಂಡು ಚಿತ್ರ ಮಾತ್ರ ನೋಡಿ ವಾಪಸ್ ಇಡುತ್ತದೆ ಎಂಬುದನ್ನು ಗಮನಿಸಿದಳು. ನಾಲ್ಕೈದು ಹೆಸರು ನನಗೆ ತಂದು ಹೇಳಿದವಳು ಅವಳೇ. ಓದಲು ಹಿಂಜರಿಯುವ ಮಗುವನ್ನು ಮೊದಲು ಕಾಣುವುದು ವೈದ್ಯರಲ್ಲ, ಹೀಗೆ ದಿನವೂ ಮಗುವಿನ ಎದುರು ಕೂರುವವರು.

ಮಕ್ಕಳ ಪಾಠಗಳನ್ನು ಓದಿ ಹೇಳುವ ಕೆಲಸ ಪಿಯುಸಿ ಓದುವ ಹೆಣ್ಣುಮಕ್ಕಳದು. ಸಮಾಜ ವಿಜ್ಞಾನ, ವಿಜ್ಞಾನದ ಪಾಠಗಳನ್ನು ಅವರು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ತಾಯಂದಿರ ವಾಟ್ಸ್‌ಆ್ಯಪಿಗೆ ಕಳಿಸುತ್ತಾರೆ. ಸುಮ್ಮನೆ ಓದಿದರೆ ಸಾಲದು ಎಂದು ಅವರೇ ಕಂಡುಕೊಂಡರು. ಈಗ ಪುಟದ ಸಂಖ್ಯೆ ಹೇಳಿ, ಚಿತ್ರದಲ್ಲಿ ಏನಿದೆ ಎಂದು ಹೇಳಿ, ಒಂದು ಪ್ಯಾರಾ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ ನಿಲ್ಲಿಸುತ್ತಾರೆ. ಮಗು ಪುಸ್ತಕ ತೆರೆದಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತದೆ. ಈಗ ಫೋನೇ ಕನ್ನಡವನ್ನು ಓದಿ ಹೇಳುತ್ತದೆ, ಮಾತಾಡಿದರೆ ಟೈಪೂ ಮಾಡುತ್ತದೆ. ಅದನ್ನೂ ಬಳಸುತ್ತೇವೆ. ಆದರೂ ಪಕ್ಕದ ಬೀದಿಯ ಅಕ್ಕನ ದನಿಗೆ ಮಕ್ಕಳು ಹೆಚ್ಚು ಕಿವಿಗೊಡುತ್ತಾರೆ.

ನಿವೃತ್ತ ಅಂಚೆಯವರೊಬ್ಬರಿದ್ದಾರೆ. ಒಂದು ಕಾಲದಲ್ಲಿ ಮನೆಮನೆಗೆ ಕಾಗದ ಕೊಟ್ಟು, ಓದಲು ಬಾರದವರಿಗೆ ಜಗುಲಿಯಲ್ಲಿ ಕೂತು ಓದಿ ಹೇಳುತ್ತಿದ್ದವರು. ಅವರು ಶನಿವಾರ ಕಥೆ ಓದುತ್ತಾರೆ. ಮರಗೆಲಸದ ಆಚಾರ್ರು ಉಳಿದ ಸ್ಯಾಂಡ್ ಪೇಪರ್ ತುಂಡುಗಳನ್ನು ಕೊಡುತ್ತಾರೆ. ಟೈಲರಮ್ಮ ಅದನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸುತ್ತಾರೆ. ಮಗು ಆ ಒರಟು ಅಕ್ಷರದ ಮೇಲೆ ಬೆರಳಾಡಿಸುತ್ತಾ ಅದರ ಧ್ವನಿಯನ್ನು ಬಾಯಿಬಿಟ್ಟು ಹೇಳಬೇಕು. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ದುಡಿದರೆ ಅಕ್ಷರ ನಿಲ್ಲುತ್ತದೆ ಎಂಬುದು ಈ ಮಕ್ಕಳ ಶಿಕ್ಷಣದಲ್ಲಿ ಬಹಳ ಹಿಂದಿನಿಂದ ಬಂದ ಪದ್ಧತಿ. ತಟ್ಟೆಯ ಅಕ್ಕಿಯಲ್ಲಿ ಬೆರಳಿಂದ ಅಕ್ಷರಾಭ್ಯಾಸ ಮಾಡಿಸುವ ನಮ್ಮ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪಾಠ ಇಪ್ಪತ್ತು ನಿಮಿಷ ಮಾತ್ರ. ಅದಕ್ಕಿಂತ ಹೆಚ್ಚಾದರೆ ಈ ಮಕ್ಕಳು ದಣಿಯುತ್ತಾರೆ. ಒಂದು ಸಾಲು ಓದಲು ಅವರು ಪಡುವ ಶ್ರಮ ನಾವು ಒಂದು ಪುಟಕ್ಕೆ ಪಡುವುದಕ್ಕಿಂತ ಹೆಚ್ಚು. ಶುರುವಿನಲ್ಲಿ ಪುಸ್ತಕವೇ ಇಲ್ಲ, ಬಾಯಾಟ. ‘ಕಮಲದಲ್ಲಿ ಮ ತೆಗೆದರೆ?’ ‘ಕಲ.’ ‘ಗಿಡದ ಕೊನೆಗೆ ಗ ಸೇರಿಸಿದರೆ?’ ‘ಗಿಡಗ... ಗಿಡುಗ ಅಲ್ಲ ಟೀಚರ್, ಅದಕ್ಕೆ ಕೊಂಬು ಬೇಕು!’ ಹೀಗೆ ಉತ್ತರ ಬಂದ ದಿನ ನನಗೆ ಹಬ್ಬ. ಕನಕ, ನಯನ, ಸರಸ, ವಿಕಟಕವಿ ಇಂಥ ಪದಗಳನ್ನು ತಿರುಗಿಸಿ ಹೇಳುವುದೆಂದರೆ ಮಕ್ಕಳಿಗೆ ಪ್ರಾಣ. ಹಿಂದಿನಿಂದ ಹೇಳಬೇಕಾದರೆ ಪದದ ಒಂದೊಂದು ಧ್ವನಿಯನ್ನೂ ಬಿಡಿಯಾಗಿ ಹಿಡಿದುಕೊಳ್ಳಬೇಕು. ಈ ಮಕ್ಕಳಿಗೆ ದುರ್ಬಲವಾಗಿರುವುದು ಆ ಹಿಡಿತವೇ, ಆಟದಲ್ಲಿ ಅದಕ್ಕೆ ಬಲ ಬರುತ್ತದೆ.

ಆಮೇಲೆ ಅಕ್ಷರ. ಒಂದು ದಿನಕ್ಕೆ ಒಂದೇ ಚಿಹ್ನೆ. ಗುಡಿಸು ಕಲಿಸುವ ವಾರ ಕೊಂಬಿನ ಸುದ್ದಿ ಎತ್ತುವುದಿಲ್ಲ. ಒತ್ತಕ್ಷರದಲ್ಲಿ ಮೊದಲು ಅಕ್ಕ, ಅಜ್ಜ, ಹಗ್ಗ. ಅಲ್ಲಿ ಅಕ್ಷರವೂ ಒತ್ತೂ ಒಂದೇ ಜಾತಿ, ರೂಪವೂ ಹತ್ತಿರ. ಆಮೇಲೆ ಅಮ್ಮ, ಅಣ್ಣ, ಹಲ್ಲು. ಅದು ಗಟ್ಟಿಯಾದ ಎಷ್ಟೋ ದಿನದ ಮೇಲೆ ಪುಸ್ತಕ, ಚಂದ್ರ. ಅರ್ಕಾವೊತ್ತು ಎಲ್ಲದಕ್ಕಿಂತ ಕೊನೆಗೆ. ಹಿಂದಿನ ದಿನದ್ದನ್ನು ಪ್ರತಿ ದಿನ ಮತ್ತೆ ಕೇಳಲೇಬೇಕು. ನಿನ್ನೆ ಬಂದದ್ದು ಇವತ್ತು ಬಾರದಿರುವುದು ಈ ಮಕ್ಕಳ ಸ್ವಭಾವ. ‘ನೆನ್ನೆ ಓದಿದ್ಯಲ್ಲೋ!’ ಎಂಬ ಮಾತು ನಮ್ಮ ಕೋಣೆಯಲ್ಲಿ ಯಾರೂ ಆಡಬಾರದು ಎಂಬುದೊಂದೇ ನಮ್ಮ ಕಟ್ಟುನಿಟ್ಟಿನ ನಿಯಮ. ಮನೆಯಲ್ಲಿ ಉಳಿದ ದಿನಗಳಲ್ಲಿ ಇದೇ ಇಪ್ಪತ್ತು ನಿಮಿಷವನ್ನು ತಾಯಂದಿರು ಮಾಡುತ್ತಾರೆ. ತಾಯಿಗೆ ಸಾಧ್ಯವಾಗದ ಮನೆಗೆ ಬೀದಿಯ ಇನ್ನೊಬ್ಬರು ಹೋಗುತ್ತಾರೆ.

ತಾಯಂದಿರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮಗು ಓದದಿದ್ದರೆ ಊರು ಕೇಳುವುದು ತಾಯಿಯನ್ನು. ಸಂಜೆ ಒಲೆಯ ಮುಂದೆ ಒಂದು ಕಣ್ಣು, ಪುಸ್ತಕದ ಮೇಲೆ ಒಂದು ಕಣ್ಣು ಇಟ್ಟು, ಬೈದು, ಅತ್ತು, ಮತ್ತೆ ಮುದ್ದು ಮಾಡಿ ಮಲಗಿಸುವ ಮನೆಗಳು ಎಷ್ಟಿವೆಯೋ. ಗ್ರಂಥಾಲಯದ ಹೊರಗಿನ ಕಟ್ಟೆಯ ಮೇಲೆ ಕೂತು ಈ ತಾಯಂದಿರು ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು ಶುರು ಮಾಡಿದ ಮೇಲೆ ಮಕ್ಕಳಲ್ಲೂ ಬದಲಾವಣೆ ಕಂಡೆ. ‘ನಿಮ್ಮನೇಲೂ ಹಿಂಗೇನಾ?’ ಎಂಬ ಪ್ರಶ್ನೆಗೆ ‘ಹೂಂ ಕಣಕ್ಕ’ ಎಂಬ ಉತ್ತರ ಸಿಕ್ಕ ತಾಯಿ ಆ ರಾತ್ರಿ ಮಗುವಿಗೆ ಹೊಡೆಯುವುದಿಲ್ಲ. ಅಪ್ಪಂದಿರು ಬರುವುದು ಕಡಿಮೆ. ಬಂದವರಲ್ಲಿ ಲಾರಿ ಓಡಿಸುವ ಒಬ್ಬರು ಮಗಳು ಓದುವುದನ್ನು ಸುಮ್ಮನೆ ನೋಡುತ್ತಿದ್ದು, ‘ನಂಗೂ ಅಕ್ಷರ ಹಿಂಗೇ ಆಡ್ತಿದ್ವು ಟೀಚರ್. ಅದ್ಕೇ ಏಳನೇ ಕ್ಲಾಸಿಗೆ ಬಿಟ್ಬಿಟ್ಟೆ’ ಎಂದರು. ಇದು ರಕ್ತದಲ್ಲಿ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆ ಮಾತನ್ನು ಅವರು ಮಗಳ ಮುಂದೆಯೇ ಹೇಳಿದ್ದು ಒಳ್ಳೆಯದಾಯಿತು. ಅಪ್ಪ ಯಾವ ಊರಿಗೆ ಬೇಕಾದರೂ ಲಾರಿ ಓಡಿಸಿಕೊಂಡು ಹೋಗಬಲ್ಲ ಮನುಷ್ಯ ಎಂದು ಅವಳಿಗೆ ಗೊತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಕಳವಳ. ಓದು ಬಾರದ ಗಂಡುಹುಡುಗ ತರಗತಿಯಲ್ಲಿ ಗಲಾಟೆ ಮಾಡಿ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಹುಡುಗಿ ಪಕ್ಕದವಳ ನೋಟ್ಸ್ ಅನ್ನು ಅಂದವಾಗಿ ನಕಲು ಮಾಡಿಕೊಂಡು ಕೊನೆಯ ಬೆಂಚಿನಲ್ಲಿ ಮೌನವಾಗಿರುತ್ತಾಳೆ. ಎಂಟನೇ ತರಗತಿಯಲ್ಲಿ ಯಾರಿಗೋ ಗೊತ್ತಾಗುವ ಹೊತ್ತಿಗೆ ‘ಸಾಕು ಬಿಡಿ, ಮನೆಗೆಲಸ ಕಲೀಲಿ’ ಎಂದು ಮನೆಯಲ್ಲಿ ತೀರ್ಮಾನವಾಗಿರುತ್ತದೆ.

ಇನ್ನು ಕಾಗದಪತ್ರ. 1995ರ ಅಂಗವಿಕಲರ ಕಾಯ್ದೆಯಲ್ಲಿ ಈ ಮಕ್ಕಳಿಗೆ ಜಾಗವೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಒಂದು. ಮಗುವಿನಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಒದಗಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆ ಎಂದು ಆ ಕಾಯ್ದೆಯೇ ಹೇಳುತ್ತದೆ. ಮೂರನೇ ತರಗತಿಯಲ್ಲಿ ಅಥವಾ 8 ವರ್ಷಕ್ಕೆ, ಯಾವುದು ಮೊದಲೋ ಆಗ, ಶಿಕ್ಷಕರು ಮೊದಲ ತಪಾಸಣೆ ಮಾಡಬೇಕು ಎಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. ಪ್ರಮಾಣಪತ್ರ 8 ವರ್ಷದ ನಂತರ, ಮತ್ತೆ 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಎಂದು ಅದರಲ್ಲಿತ್ತು. ಮಕ್ಕಳ ವೈದ್ಯರು ಮೊದಲು ಕಣ್ಣು, ಕಿವಿ ಸರಿಯಿದೆಯೇ ಎಂದು ನೋಡುತ್ತಾರೆ. ಆಮೇಲೆ ಮನಶ್ಶಾಸ್ತ್ರಜ್ಞರ ಪರೀಕ್ಷೆ. ಇದಕ್ಕಾಗಿ ದೇಶದ ಅನೇಕ ಕಡೆ ಬಳಸುವ ಪರೀಕ್ಷಾ ಮಾಲೆ ನಮ್ಮ ನಿಮ್ಹಾನ್ಸ್‌ನಲ್ಲೇ 1990ರ ದಶಕದ ಆರಂಭದಲ್ಲಿ ರೂಪುಗೊಂಡದ್ದು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ‘ಡಾಲಿ’ ಎಂಬ ಪರೀಕ್ಷೆಯನ್ನು ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಸಿದ್ಧಪಡಿಸಿದೆ, ಅದರಲ್ಲಿ ಶಿಕ್ಷಕರೇ ಬಳಸಬಹುದಾದ ತಪಾಸಣಾ ಪಟ್ಟಿಯಿದೆ. ಕನ್ನಡದ ಮಗುವನ್ನು ಕನ್ನಡದಲ್ಲೇ ಪರೀಕ್ಷಿಸಬೇಕು ಎಂದು ಪೋಷಕರು ಧೈರ್ಯವಾಗಿ ಕೇಳಬೇಕು. ಮೂರನೇ ಭಾಷೆಯಂತೆ ಕಲಿಯುತ್ತಿರುವ ಇಂಗ್ಲಿಷಿನಲ್ಲಿ ಮಗು ಎಡವಿದರೆ ಅದರಿಂದ ಏನೂ ತಿಳಿಯುವುದಿಲ್ಲ.

ನಮ್ಮ ಊರಿನವರು ಹೋಗುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಅರಸೀಕೆರೆಗೆ ಹೋಗಿ ಹಾಸನದ ಮೇಲೆ ರೈಲು ಹಿಡಿದರೆ ಆಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಅದಕ್ಕೂ ಮೊದಲು ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಮನ್ವಯ ಶಿಕ್ಷಣದ ಶಿಕ್ಷಕರಿರುತ್ತಾರೆ, ಅವರನ್ನು ಕಾಣಬೇಕು. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಪಟ್ಟಿಯಲ್ಲೂ ಕಲಿಕಾ ತೊಂದರೆ ಸೇರಿದೆ. ಅವರು ಬಂದ ದಿನ ಮಗುವಿನ ಹೆಸರು ಹೇಳಿ ಬರೆಸಬೇಕು, ಏಕೆಂದರೆ ಹಲ್ಲು, ತೂಕ, ಚರ್ಮ ನೋಡಿದಂತೆ ಐದು ನಿಮಿಷದಲ್ಲಿ ಇದು ಕಾಣುವಂಥದ್ದಲ್ಲ. ಒಂಟಿ ತಾಯಿ ಮಗುವನ್ನು ಕರೆದುಕೊಂಡು ಕೂಲಿ ಬಿಟ್ಟು ಮೈಸೂರಿಗೆ ಹೋಗುವುದು ಸುಲಭವಲ್ಲ. ಅದಕ್ಕೆ ಎರಡು ಮೂರು ಮನೆಯವರು ಸೇರಿ ಹೋಗುತ್ತಾರೆ. ಹಿಂದೆ ಹೋಗಿ ಬಂದ ತಾಯಿಯೊಬ್ಬಳು ಜೊತೆಗಿದ್ದರೆ ಯಾವ ಕಿಟಕಿ, ಯಾವ ಚೀಟಿ ಎಂಬ ಭಯ ಇರುವುದಿಲ್ಲ.

ಪ್ರಮಾಣಪತ್ರ ಮಾಡಿಸಲು ಬಹಳ ಮನೆಗಳು ಹಿಂಜರಿಯುತ್ತವೆ, ‘ಅಂಗವಿಕಲ’ ಎಂಬ ಮಾತು ಅದರಲ್ಲಿದೆ ಎಂದು. ಹೆಣ್ಣುಮಗಳಾದರೆ ಮದುವೆಯ ಚಿಂತೆ. ನಾನು ಒತ್ತಾಯಿಸುವುದಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಭಾಷೆಯ ವಿನಾಯಿತಿಯಂಥ ಸೌಲಭ್ಯಗಳಿಗೆ ಆ ಕಾಗದವೇ ಆಧಾರ, ಅರ್ಜಿಯನ್ನು ಶಾಲೆಯ ಮೂಲಕ ಮೊದಲೇ ಹಾಕಬೇಕು ಎಂದು ಬಿಡಿಸಿ ಹೇಳುತ್ತೇನೆ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ. ಫೆಬ್ರವರಿಯಲ್ಲಿ ಓಡಾಡಿದರೆ ಆಗದು. ಎಂಟನೇ ತರಗತಿಯಲ್ಲೇ ಶುರು ಮಾಡಬೇಕು.

ಓದು ಬಾರದ ಮಗುವನ್ನು ಕನ್ನಡ ಮಾಧ್ಯಮದಿಂದ ಬಿಡಿಸಿ ಇಂಗ್ಲಿಷ್ ಕಾನ್ವೆಂಟಿಗೆ ಸೇರಿಸುವುದೂ ಈಗ ಹೆಚ್ಚಾಗಿದೆ. ಅಲ್ಲಿ ಶಿಸ್ತು ಇದೆ, ಟ್ಯೂಷನ್ ಇದೆ ಎಂಬ ಆಸೆ. ಈ ಮಕ್ಕಳನ್ನು ಅತ್ಯಂತ ಕಷ್ಟಕ್ಕೆ ದೂಡುವ ಕೆಲಸ ಅದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾತು ಗೊತ್ತಿಲ್ಲದ ಭಾಷೆಯಲ್ಲಿ, ಬರೆದಂತೆ ಓದದ ಲಿಪಿಯಲ್ಲಿ, ಧ್ವನಿ ಹಿಡಿಯಲಾಗದ ಮಗು ಏನು ಮಾಡಬೇಕು? ಮನೆಯಲ್ಲಿ ಓದಿ ಹೇಳಬಲ್ಲವರೂ ಇರುವುದಿಲ್ಲ. ಕನ್ನಡದಲ್ಲಿದ್ದರೆ ಇಡೀ ಬೀದಿ ಓದಿ ಹೇಳಬಲ್ಲದು.

ಕೊಬ್ಬರಿಯ ಹುಡುಗ ಈಗ ಏಳನೇ ತರಗತಿ. ಓದು ಇನ್ನೂ ನಿಧಾನವೇ, ಬಹುಶಃ ಕೊನೆಯವರೆಗೂ ಉಳಿದವರಷ್ಟು ವೇಗ ಬರಲಾರದು. ಆದರೆ ವಿಜ್ಞಾನದ ಪಾಠಗಳನ್ನೆಲ್ಲ ಕೇಳಿ ತಿಳಿದಿದ್ದಾನೆ, ತರಗತಿಯಲ್ಲಿ ಪ್ರಶ್ನೆ ಕೇಳುತ್ತಾನೆ, ಶನಿವಾರ ಚಿಕ್ಕ ಮಕ್ಕಳಿಗೆ ಪದ ತಿರುಗಿಸುವ ಆಟ ಆಡಿಸುತ್ತಾನೆ.

ಪ್ರತಿ ವರ್ಷ ಶಾಲೆ ತೆರೆಯುವ ವಾರ ನಾವು ಈ ಮಕ್ಕಳ ಹೊಸ ತರಗತಿಯ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯುತ್ತೇವೆ. ತಾಯಿ ಹೇಳುತ್ತಾಳೆ, ಪಿಯುಸಿ ಹುಡುಗಿಯರು ಬರೆಯುತ್ತಾರೆ, ಮಗುವಿಗೆ ಓದಿ ಹೇಳಿ ಒಪ್ಪಿಗೆ ಪಡೆಯುತ್ತಾರೆ. ಎಲ್ಲರ ಮುಂದೆ ತಟ್ಟನೆ ಎಬ್ಬಿಸಿ ಓದಿಸಬೇಡಿ, ಓದಿಸಲೇಬೇಕಾದರೆ ಯಾವ ಪ್ಯಾರಾ ಎಂದು ಹಿಂದಿನ ದಿನ ತಿಳಿಸಿ ಎಂಬುದು ಮೊದಲ ಕೋರಿಕೆ. ಬಾಯಲ್ಲಿ ಹೇಳಿದ ಉತ್ತರಕ್ಕೂ ಅಂಕ ಕೊಡಿ, ಬೋರ್ಡಿನಿಂದ ಬರೆದುಕೊಳ್ಳಲು ಹೆಚ್ಚು ಹೊತ್ತು ಕೊಡಿ ಅಥವಾ ಪಕ್ಕದವರ ಪುಸ್ತಕದ ಫೋಟೊ ತೆಗೆಯಲು ಬಿಡಿ, ಒಂದು ಉತ್ತರದಲ್ಲಿ ಹತ್ತು ಕಾಗುಣಿತದ ತಪ್ಪಿದ್ದರೆ ಎರಡನ್ನು ಮಾತ್ರ ತಿದ್ದಿ, ಬರೆಯುವುದು ಮುಗಿದಿಲ್ಲವೆಂದು ಆಟದ ಪೀರಿಯಡ್ಡನ್ನು ಮಾತ್ರ ಕಿತ್ತುಕೊಳ್ಳಬೇಡಿ ಎಂದು ಮುಂದೆ ಬರುತ್ತದೆ. ಅದರ ಕೆಳಗೆ ಆ ಮಗುವಿಗೆ ಏನೇನು ಚೆನ್ನಾಗಿ ಬರುತ್ತದೆ ಎಂದು ಬರೆಯುತ್ತೇವೆ. ಈ ಭಾಗವನ್ನು ಮಕ್ಕಳು ಎರಡೆರಡು ಸಲ ಓದಿಸಿ ಕೇಳುತ್ತಾರೆ. ಕೊನೆಯಲ್ಲಿ, ಶನಿವಾರ ಮಧ್ಯಾಹ್ನ ಬಿಡುವಾದರೆ ಗ್ರಂಥಾಲಯಕ್ಕೆ ಬನ್ನಿ ಎಂದು ಶಿಕ್ಷಕರನ್ನು ಕರೆಯುತ್ತೇವೆ. ಈ ವರ್ಷ ಇಬ್ಬರು ಬಂದರು. ಅವರಲ್ಲಿ ಒಬ್ಬರು ತಮ್ಮ ತರಗತಿಯ ಇನ್ನೊಂದು ಮಗುವನ್ನೂ ಅದರ ತಾಯಿಯನ್ನೂ ಜೊತೆಗೆ ಕರೆತಂದಿದ್ದರು.